ಅಳಿಸಿದ್ದೂ ಇದರಲ್ಲಿ ಉಂಟು

ಕಾಪು ಪೇಟೆಯಲ್ಲಿ ಭುಜಂಗಣ್ಣನ ಸ್ಟುಡಿಯೋ ಎಲ್ಲಿ ಎಂದು ಕೇಳಿದರೆ ಈಗಿನ ಹುಡುಗರು ತಲೆ ಕೆರೆದುಕೊಳ್ಳುತ್ತಾರೆ. ಸ್ಲೈಡ್‌ಶೋ ಭುಜಂಗಣ್ಣ ಎಂದರೆ ಮಾತ್ರ ತಡಮಾಡದೆ ಹಳೆಯ ಹೆದ್ದಾರಿಯ ಬದಿಯ ಕಟ್ಟಡದ ಮಾಳಿಗೆಗೆ ಕೈ ತೋರಿಸುತ್ತಾರೆ. ಕ್ಯಾಮರಾ ಹಿಡಿದು ಓಡಾಡುವುದನ್ನು ಭುಜಂಗ ಬಿಟ್ಟು ವರ್ಷಗಳೇ ಆದವು. ಮದುವೆಗೆ ಡ್ರೋನ್ ಹಾರಿಸುವವರು, ಮದುಮಕ್ಕಳನ್ನು ದೀಪಸ್ತಂಭದ ಬಂಡೆ ಹತ್ತಿಸಿ ಇಳಿಸುವವರು ಊರು ತುಂಬ ಹುಟ್ಟಿಕೊಂಡ ಮೇಲೆ ಮೊಣಕಾಲು ನೋವಿನ ಮನುಷ್ಯನನ್ನು ಯಾರು ಕರೆಯುತ್ತಾರೆ? ಆದರೆ ಅವರೆಲ್ಲ ತೆಗೆದ ಫೋಟೋಗಳನ್ನು ಹೊತ್ತುಕೊಂಡು ಮನೆಯವರು ಕೊನೆಗೆ ಬರುವುದು ಭುಜಂಗನ ಬಳಿಗೇ. ಅಜ್ಜನ ಕಾಲದ ಕಪ್ಪು ಬಿಳುಪಿನಿಂದ ಹಿಡಿದು ಮೊನ್ನೆ ಮೊಬೈಲಿನಲ್ಲಿ ತೆಗೆದದ್ದರವರೆಗೆ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ತಿದ್ದಿ, ಒಂದರ ಹಿಂದೆ ಒಂದು ಜೋಡಿಸಿ, ಹಾಡು ಕೂಡಿಸಿ, ಹಾಲ್‌ನ ದೊಡ್ಡ ಪರದೆಯ ಮೇಲೆ ಓಡುವ ಹಾಗೆ ಮಾಡಿಕೊಡುವುದು ಅವನ ಕಸುಬು. ಮದುವೆಗಾಗಲಿ ಗೃಹಪ್ರವೇಶಕ್ಕಾಗಲಿ ಉತ್ತರಕ್ರಿಯೆಯ ದಿನದ ನುಡಿನಮನಕ್ಕಾಗಲಿ, ಭುಜಂಗನದ್ದೊಂದು ಸ್ಲೈಡ್‌ಶೋ ಇಲ್ಲದಿದ್ದರೆ ಕಾರ್ಯಕ್ರಮ ಸಪ್ಪೆ ಎನ್ನುವಲ್ಲಿಗೆ ಬಂದಿದೆ.

ಅವನು ಕೆಲಸ ಕಲಿತದ್ದು ಉಡುಪಿಯ ಒಂದು ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ. ಅಪ್ಪ ಉದ್ಯಾವರದ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಮಗನಿಗೆ ಶಾಲೆ ತಲೆಗೆ ಹತ್ತಲಿಲ್ಲ, ಕೆಂಪು ದೀಪದ ಕೆಳಗೆ ನೀರಿನಲ್ಲಿ ಮುಖ ಮೂಡಿ ಬರುವುದು ಹತ್ತಿತು. ರೀಲಿನ ಕಾಲ ಮುಗಿದಾಗ ಜೊತೆಯವರಲ್ಲಿ ಅರ್ಧ ಜನ ಮುಂಬೈಯ ಹೋಟೆಲುಗಳಿಗೆ ಹೋದರು. ಭುಜಂಗ ಮಾತ್ರ ಮಣಿಪಾಲದಲ್ಲಿ ಒಂದು ತರಗತಿಗೆ ಸೇರಿ, ತನಗಿಂತ ಎಷ್ಟೋ ಸಣ್ಣ ಮಕ್ಕಳ ನಡುವೆ ಬೆಂಚಿನಲ್ಲಿ ಕೂತು, ಫೋಟೋ ತಿದ್ದುವ ಸಾಫ್ಟ್‌ವೇರ್ ಕಲಿತು ಬಂದ. ಮೊದಮೊದಲು ಮೌಸ್ ಎಳೆಯುತ್ತಾ ಎಳೆಯುತ್ತಾ ಮೇಜಿನಿಂದ ಕೆಳಗೆ ಬೀಳಿಸುತ್ತಿದ್ದೆ ಎಂದು ಈಗಲೂ ತಾನೇ ಹೇಳಿ ನಗುತ್ತಾನೆ.

ನಮ್ಮ ಕಡೆಯ ಹಳೆಯ ಫೋಟೋಗಳ ಗ್ರಹಚಾರವೇ ಬೇರೆ. ಸಮುದ್ರದ ಗಾಳಿ, ಗೋಡೆಯ ತೇವ, ಮುಗಿಯದ ಮಳೆಗಾಲ. ಕನ್ನಡಿಯ ಒಳಗಿದ್ದರೂ ಮದುಮಗನ ಕೆನ್ನೆಗೆ ಬೂಷ್ಟು, ಮದುಮಗಳ ಹಣೆಗೆ ಬೂಷ್ಟು. ಭುಜಂಗನ ಮೇಜಿಗೆ ಬರುವ ಹಳೆಯ ಫೋಟೋಗಳಲ್ಲಿ ಬಿಳಿ ಕಲೆ ಇಲ್ಲದ್ದು ಒಂದೂ ಇಲ್ಲ. ಅದನ್ನು ಒರೆಸಿ ಒರೆಸಿ ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಬಿಳಿ ಕಲೆ ಕಂಡರೆ ಸಾಕು, ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಒರೆಸುವುದಷ್ಟೇ ಅಲ್ಲ, ಇಲ್ಲದ್ದನ್ನು ತರುವುದೂ ಅವನಿಗೆ ಬರುತ್ತದೆ. ಮುಚ್ಚಿದ ಕಣ್ಣು ತೆರೆಸುತ್ತಾನೆ. ರಜೆ ಸಿಗದೆ ದುಬೈಯಲ್ಲೇ ಉಳಿದ ತಮ್ಮನನ್ನು ತಂದು ಅಕ್ಕನ ಮದುವೆಯ ಚಪ್ಪರದಲ್ಲಿ ನಿಲ್ಲಿಸುತ್ತಾನೆ. ಹಾಗೆ ನಿಂತವರು ಆ ಮದುವೆಯ ಊಟದ ರುಚಿಯನ್ನೂ ಆಮೇಲೆ ವರ್ಣಿಸುವುದನ್ನು ಅವನು ಕೇಳಿದ್ದಾನೆ.

ಇಷ್ಟೆಲ್ಲ ಮಾಡುವ ಮನುಷ್ಯನಿಗೆ ಎರಡು ಹಠ. ಮೂಲ ಫೋಟೋವನ್ನು ಅವನು ಮುಟ್ಟುವುದಿಲ್ಲ. ಕಂಪ್ಯೂಟರಿನಲ್ಲಿ ಅದರ ಮೇಲೆ ಇನ್ನೊಂದು ಪದರ ಹಾಸಿ, ತಿದ್ದುವುದನ್ನೆಲ್ಲ ಆ ಪದರದಲ್ಲಿ ತಿದ್ದುತ್ತಾನೆ. ಬದಿಯಲ್ಲಿ ಒಂದು ಕಣ್ಣಿನ ಗುರುತು ಇರುತ್ತದೆ. ಅದನ್ನು ಒತ್ತಿದರೆ ಮೇಲಿನ ಪದರ ಮಾಯವಾಗಿ ಕೆಳಗಿನ ಫೋಟೋ ಬೂಷ್ಟು ಸಮೇತ ಹಾಗೆಯೇ ಕಾಣುತ್ತದೆ. ಆದರೆ ಸ್ಲೈಡ್‌ಶೋ ಮಾಡಿ ಎಕ್ಸ್‌ಪೋರ್ಟ್ ಕೊಟ್ಟ ಮೇಲೆ ಪದರಗಳೆಲ್ಲ ಅಂಟಿ ಒಂದಾಗಿಬಿಡುತ್ತವೆ, ಬಿಡಿಸಲು ಬರುವುದಿಲ್ಲ. ಅದಕ್ಕಾಗಿ ಅವನು ಮನೆಯವರಿಗೆ ಸ್ಲೈಡ್‌ಶೋ ಕೊಡುವಾಗ ಪದರಗಳಿರುವ ಫೈಲುಗಳನ್ನೂ ಜೊತೆಗೆ ಹಾಕಿ ಕೊಡುತ್ತಾನೆ. ಮೊದಲು ಸಿ.ಡಿ.ಯಲ್ಲಿ ಕೊಡುತ್ತಿದ್ದ, ಈಗ ಪೆನ್ ಡ್ರೈವಿನಲ್ಲಿ. ಯಾರೂ ಅದನ್ನು ತೆರೆದು ನೋಡುವುದಿಲ್ಲ ಎಂದು ಅವನಿಗೆ ಗೊತ್ತು, ಆದರೂ ಕೊಡುತ್ತಾನೆ.

ಎರಡನೆಯದು, ಮನೆಯ ಹಿರಿಯ ಹೆಂಗಸು ನೋಡಿ ಹೂಂ ಎನ್ನುವ ತನಕ ಅವನು ಎಕ್ಸ್‌ಪೋರ್ಟ್ ಒತ್ತುವುದಿಲ್ಲ. ಇದು ಪೆಟ್ಟು ತಿಂದು ಕಲಿತದ್ದು. ಕಸುಬಿನ ಆರಂಭದಲ್ಲಿ ಉದ್ಯಾವರದ ಒಂದು ಮದುವೆಗೆ ಮಾಡಿದ ಸ್ಲೈಡ್‌ಶೋದಲ್ಲಿ ಮದುಮಗಳ ಸೋದರಮಾವನ ಒಂದು ಫೋಟೋವೂ ಇರಲಿಲ್ಲ. ತಾಯಿಯ ಕಡೆಯಿಂದ ಮನೆತನ ಎಣಿಸುವ ಊರಿನಲ್ಲಿ ಸೋದರಮಾವನನ್ನು ಮರೆಯುವುದೆಂದರೆ ಏನು! ಆ ಮಾವ ಪರದೆ ಆರಿದ್ದೇ ಎದ್ದು, ಕೈ ತೊಳೆಯದೆ, ಊಟ ಮಾಡದೆ ಮನೆಗೆ ಹೋದರು. ಅಂದಿನಿಂದ ಭುಜಂಗ ಲ್ಯಾಪ್‌ಟಾಪ್ ಹಿಡಿದು ಮನೆಗೇ ಹೋಗುತ್ತಾನೆ. ಅಜ್ಜಿಯನ್ನೋ ದೊಡ್ಡಮ್ಮನನ್ನೋ ಎದುರು ಕೂರಿಸಿ, ಯಾರು ಬಿಟ್ಟು ಹೋಗಿದ್ದಾರೆ ಹೇಳಿ ಎಂದು ಕೇಳುತ್ತಾನೆ. ಗಂಡಸರು ತಮ್ಮ ಫೋಟೋ ಉಂಟಾ ಎಂದಷ್ಟೇ ನೋಡುತ್ತಾರೆ, ಹೆಂಗಸರು ಯಾರದ್ದು ಇಲ್ಲ ಎಂದು ನೋಡುತ್ತಾರೆ ಎಂಬುದು ಅವನ ಅನುಭವ.

ಇಷ್ಟು ಶಿಸ್ತಿನ ಮನುಷ್ಯ ಈ ನಿಯಮವನ್ನು ಒಂದೇ ಒಂದು ಸಲ ಮುರಿದ. ಅದೂ ತನ್ನ ಮನೆಯಲ್ಲಿ. ಹಳೆಯ ಹೆಂಚಿನ ಮನೆ ಕೆಡವಿ ಅಲ್ಲೇ ಹೊಸದು ಕಟ್ಟಿಸಿ ಗೃಹಪ್ರವೇಶ ಮಾಡಿದಾಗ, ತಾಯಿ ಸುಂದರಿಯಮ್ಮನಿಗೆ ಆಶ್ಚರ್ಯವಾಗಲಿ ಎಂದು ಗುಟ್ಟಾಗಿ ಸ್ಲೈಡ್‌ಶೋ ಮಾಡಿದ್ದ. ತನ್ನದೇ ಮನೆ, ಇದರಲ್ಲಿ ಯಾರನ್ನು ಎಂತ ಕೇಳುವುದು ಎಂಬ ಧೈರ್ಯ. ಅದರ ಮೊದಲ ಫೋಟೋ ಸುಂದರಿಯಮ್ಮನ ಅಣ್ಣನ ಮದುವೆಯದ್ದು. ಭುಜಂಗ ಹುಟ್ಟುವ ಮೊದಲಿನದು. ಚಪ್ಪರದ ಕೆಳಗೆ ಇಡೀ ಕುಟುಂಬ, ಮುಂದಿನ ಸಾಲಿನ ಬೆಂಚಿನಲ್ಲಿ ಎಳೆಪ್ರಾಯದ ಸುಂದರಿಯಮ್ಮ. ಹಳೆಯ ಮನೆಯ ಗೋಡೆಯಲ್ಲಿ ಬೂಷ್ಟು ಹಿಡಿದು ನೇತಾಡುತ್ತಿದ್ದ ಆ ಫೋಟೋವನ್ನು ಭುಜಂಗ ಹೊಸದರಂತೆ ಮಾಡಿದ್ದ. ಪರದೆಯಲ್ಲಿ ಅದು ಮೂಡಿದಾಗ ಸೇರಿದವರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಅದನ್ನೇ ದೊಡ್ಡದು ಮಾಡಿಸಿ ಹೊಸ ಮನೆಯ ಚಾವಡಿಯ ಗೋಡೆಗೆ ಹಾಕಿದ. ಗೆದ್ದಲು ತಿಂದ ಹಳೆಯ ಚೌಕಟ್ಟು ಒಳಗಿನ ಫೋಟೋ ಸಮೇತ ಹಳೆಯ ಮನೆಯ ಮರಮಟ್ಟಿನ ಜೊತೆಗೆ ಹೋಯಿತು. ಸುಂದರಿಯಮ್ಮ ಫೋಟೋವನ್ನು ತುಂಬ ಹೊತ್ತು ನೋಡಿದರು, ಚಂದ ಉಂಟು ಮಗಾ ಎಂದರು, ಒಳಗೆ ಹೋದರು. ಅವರು ಮೊದಲಿನಿಂದಲೂ ಮಾತು ಕಡಿಮೆಯವರು.

ಈಗ ನಡೆದ ಸಂಗತಿಗೆ ಬರುತ್ತೇನೆ. ಭುಜಂಗನ ಮಗಳು ಭವ್ಯಶ್ರೀ ಮಣಿಪಾಲದ ಒಂದು ಮುದ್ರಣಾಲಯದಲ್ಲಿ ವಿನ್ಯಾಸದ ಕೆಲಸ ಮಾಡುತ್ತಾಳೆ. ಚುರುಕು ಹುಡುಗಿ. ಆದರೆ ಬಂದ ಸಂಬಂಧಗಳೆಲ್ಲ ನಿಶ್ಚಯದ ಹೊಸ್ತಿಲಿಗೆ ಬಂದು ವಾಪಸು ಹೋಗುತ್ತಿದ್ದವು. ಕೊನೆಗೆ ಪ್ರಶ್ನೆ ಇಟ್ಟು ನೋಡಿದಾಗ ಜೋಯಿಸರು, ಈ ಮನೆಯಲ್ಲಿ ಮದುವೆಯಾಗದ ಹಿರಿಯ ಹೆಣ್ಣೊಂದು ಕಾಯುತ್ತಾ ಇದೆ, ಮೊದಲು ಅವಳದ್ದಾಗಲಿ ಎಂದರು. ಭುಜಂಗ ತಾಯಿಯ ಮುಖ ನೋಡಿದ. ಸುಂದರಿಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, “ವಾರಿಜ” ಎಂದರು.

ತನಗಿಂತ ಮೊದಲು ಒಂದು ಮಗು ಬಂದು ಹೋಗಿತ್ತೆಂದು ಭುಜಂಗನಿಗೆ ಹೇಗೋ ಗೊತ್ತಿತ್ತು. ಅದು ಹೆಣ್ಣೆಂದಾಗಲಿ, ನಡೆದಾಡುವಷ್ಟು ದೊಡ್ಡದಾಗಿತ್ತೆಂದಾಗಲಿ, ಜ್ವರ ಬಂದು ಹೋದದ್ದೆಂದಾಗಲಿ, ಹೆಸರಿತ್ತೆಂದಾಗಲಿ ಗೊತ್ತಿರಲಿಲ್ಲ. ಕೂದಲು ನರೆತ ಮೇಲೆ ಅಕ್ಕನ ಹೆಸರು ಮೊದಲ ಸಲ ಕೇಳುವುದೆಂದರೆ ಹೇಗಿರುತ್ತದೆ? ಅವನಿಗೆ ನಾಚಿಕೆಯೇ ಆಯಿತು.

ತುಳುನಾಡಿನ ನಂಬಿಕೆಯಲ್ಲಿ ತೀರಿಕೊಂಡ ಮಕ್ಕಳು ಮನೆ ಬಿಟ್ಟು ಹೋಗುವುದಿಲ್ಲ. ಕಣ್ಣಿಗೆ ಕಾಣದಿದ್ದರೂ ಪ್ರಾಯಕ್ಕೆ ಬರುತ್ತಾರೆ, ಪ್ರಾಯಕ್ಕೆ ಬಂದವರಿಗೆ ಮದುವೆಯಾಗಬೇಕು. ಹಾಗೆಯೇ ಮಗುವನ್ನು ಕಳೆದುಕೊಂಡ ಇನ್ನೊಂದು ಮನೆಯನ್ನು ಹುಡುಕಿ, ಬಳಿ, ಅಂದರೆ ತಾಯಿಯ ಕಡೆಯ ಗೋತ್ರ, ಬೇರೆ ಬೇರೆ ಹೌದಾ ಎಂದು ವಿಚಾರಿಸಿ, ನಿಶ್ಚಯ ಮಾಡಿ, ಧಾರೆ ಎರೆದು, ನೆಂಟರಿಗೆ ಊಟ ಹಾಕುತ್ತಾರೆ. ಕುಲೆ ಮದುವೆ ಎನ್ನುತ್ತಾರೆ ಇದಕ್ಕೆ. ನಗುವವರು ನಗಲಿ, ಸತ್ತ ಮಗುವಿನ ಹೆಸರನ್ನು ಗಟ್ಟಿಯಾಗಿ ಹೇಳಲು ಒಬ್ಬ ತಾಯಿಗೆ ಇದೊಂದು ದಿನವಾದರೂ ಸಿಗುತ್ತದಲ್ಲ.

“ನನ್ನ ಮದುವೆಗೆ ಮೊದಲು ಅತ್ತೆಯ ಮದುವೆಯಾ? ಒಳ್ಳೆಯದಾಯಿತು, ಹುಡುಗ ಹೇಗಿದ್ದಾನೆ ಅಂತ ವಿಚಾರಿಸಿ,” ಎಂದು ಭವ್ಯಶ್ರೀ ತಮಾಷೆ ಮಾಡಿದಳು. ಭುಜಂಗನ ಹೆಂಡತಿ ಸರಸ ಬಾಯಿ ಮುಚ್ಚು ಎಂದು ಗದರಿದಳು. ಆದರೆ ಸುಂದರಿಯಮ್ಮ ಗಂಭೀರವಾಗಿಯೇ, “ಹೌದು, ವಿಚಾರಿಸಬೇಕು,” ಎಂದರು.

ಹುಡುಗ ಕಾರ್ಕಳದವನು. ಹೆಸರು ಯೋಗೀಶ. ಶಾಲೆಗೆ ಹೋಗುವ ಪ್ರಾಯದಲ್ಲಿ ಹೋದವನು. ತಂದೆತಾಯಿ ಈಗ ಇಲ್ಲ, ತಂಗಿ ಕುಶಲಾ ಮುಂದೆ ನಿಂತು ಮಾತಾಡುತ್ತಿದ್ದರು. ನಿಶ್ಚಯವಾದ ಮರುದಿನ ಅವರು ಭುಜಂಗನ ವಾಟ್ಸಾಪಿಗೆ ಅಣ್ಣನ ಫೋಟೋ ಕಳುಹಿಸಿ ಫೋನ್ ಮಾಡಿದರು.

“ನಮ್ಮ ಹುಡುಗನದ್ದು ಇದೊಂದೇ ಉಂಟು ಭುಜಂಗಣ್ಣ. ನಿಮ್ಮ ಹುಡುಗಿಯದ್ದೂ ಸೇರಿಸಿ ಒಂದು ಸ್ಲೈಡ್‌ಶೋ ಮಾಡಿಕೊಡಿ. ಮುಂಬೈ, ದುಬೈಯಲ್ಲಿದ್ದವರಿಗೆ ಬರಲಿಕ್ಕಾಗುವುದಿಲ್ಲ ಅಲ್ವಾ, ಕಳುಹಿಸಬಹುದು. ನಮ್ಮ ಚಾವಡಿಯ ಟಿ.ವಿ.ಯಲ್ಲೂ ಹಾಕುವ. ಹುಡುಗಿಯ ಮುಖ ನೋಡಬೇಕು ಅಂತ ನಮಗೆಲ್ಲ ಆಸೆ.”

ಯೋಗೀಶನ ಫೋಟೋ ಸ್ಟುಡಿಯೋದಲ್ಲಿ ತೆಗೆಸಿದ್ದು. ಕಾಲಿಗೆ ದೊಡ್ಡದಾದ ಯಾರದ್ದೋ ಬೂಟು, ಪಕ್ಕದಲ್ಲಿ ಪ್ಲಾಸ್ಟಿಕ್ ಹೂದಾನಿ, ಈಗ ಅಳುತ್ತೇನೆ ಎನ್ನುವಂಥ ಮುಖ. ಭುಜಂಗ ಅವನ ಕೆನ್ನೆಯ ಬೂಷ್ಟು ಒರೆಸಿದ. ಊರಿನವರ ಮೂರು ತಲೆಮಾರಿನ ಮುಖಗಳು ಅವನ ಹತ್ತಿರ ಇದ್ದವು, ಸ್ವಂತ ಅಕ್ಕನದ್ದು ಇರಲಿಲ್ಲ.

ದಾರಿ ತೋರಿಸಿದ್ದು ಭವ್ಯಶ್ರೀ. “ಅಜ್ಜನದ್ದು, ಅಜ್ಜಿಯದ್ದು ಹಳೆಯ ಫೋಟೋ ಕೊಡಿ ಅಪ್ಪ. ಎಐಗೆ ಕೊಟ್ಟರೆ ಇಬ್ಬರ ಮುಖ ಸೇರಿಸಿ ಮಗುವಿನದ್ದು ಮಾಡುತ್ತದೆ. ದೊಡ್ಡದಾದರೆ ಹೇಗಿರುತ್ತಿದ್ದಳು ಅಂತ ಕೂಡ.” ಭುಜಂಗ ಹಿಂದೆಮುಂದೆ ನೋಡಿದ. ದುಬೈಯಲ್ಲಿದ್ದವನನ್ನು ಚಪ್ಪರಕ್ಕೆ ತಂದವನು ತಾನು, ಇದೇನು ಮಹಾ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ತಾಯಿಗೆ ಒಂದು ಸಲ ಮಗಳ ಮುಖ ತೋರಿಸಬೇಕು, ಅವರ ಕಣ್ಣು ಮಂಜಾಗುವ ಮೊದಲು ತೋರಿಸಬೇಕು ಎಂಬ ಆಸೆ ಎಲ್ಲಕ್ಕಿಂತ ದೊಡ್ಡದಾಗಿತ್ತು.

ಮಾಡಿದ ಮುಖ ನಿಜಕ್ಕೂ ಚಂದವಿತ್ತು. ಗುಂಗುರು ಕೂದಲಿನ ಮಗು, ಎರಡು ಜಡೆಯ ಹುಡುಗಿ, ಕೊನೆಗೆ ಪಟ್ಟೆ ಸೀರೆಯುಟ್ಟು ಮಲ್ಲಿಗೆ ಮುಡಿದ ಮದುಮಗಳು. ಮೂಗು ಸುಂದರಿಯಮ್ಮನದ್ದೇ. ಈ ಸಲ ಭುಜಂಗ ನಿಯಮ ತಪ್ಪಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪ್ ತಂದು ಚಾವಡಿಯಲ್ಲಿ ತಾಯಿಯ ಎದುರಿಟ್ಟ.

ಸುಂದರಿಯಮ್ಮ ಕನ್ನಡಕ ಏರಿಸಿ ನೋಡಿದರು. ಇನ್ನೊಮ್ಮೆ ತೋರಿಸು ಎಂದರು. ಇನ್ನೊಮ್ಮೆ ನೋಡಿದರು.

“ಚಂದ ಇದ್ದಾಳೆ. ನೆಟ್ಟಗೆ ಕೂತಿದ್ದಾಳೆ,” ಎಂದರು. “ನಮ್ಮವಳು ಹೀಗೆ ಕೂರುವವಳಲ್ಲ.”

“ಅಮ್ಮ, ಇದು ಅಂದಾಜಿಗೆ ಮಾಡಿದ್ದು. ಫೋಟೋ ಇಲ್ಲ ಅಲ್ವಾ, ಹಾಗಾಗಿ.”

“ಇತ್ತಲ್ಲ.” ಸುಂದರಿಯಮ್ಮ ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದರು. “ಅದರಲ್ಲಿ ಇದ್ದಳು. ನನ್ನ ಮಡಿಲಲ್ಲಿ. ಫೋಟೋದವನು ಅಲುಗಾಡಬೇಡಿ, ಅಲುಗಾಡಬೇಡಿ ಅಂತ ಬೊಬ್ಬೆ ಹೊಡೆದ. ಅವಳು ಕೇಳುವುದುಂಟಾ? ಅಷ್ಟೂ ಹೊತ್ತು ಆ ಕಡೆ ಈ ಕಡೆ ತಿರುಗಿದಳು. ಹಾಗಾಗಿ ಮುಖ ಬೀಳಲಿಲ್ಲ, ಬಿಳಿ ಹೊಗೆಯ ಹಾಗೆ ಆಗಿತ್ತು. ಹೊಸ ಮನೆಗೆ ಬರುವಾಗ ನೀನು ಒರೆಸಿದ್ದಿ.”

ಭುಜಂಗ ತಲೆ ಎತ್ತಿ ಗೋಡೆ ನೋಡಿದ. ಅವನೇ ಹೊಸದರಂತೆ ಮಾಡಿದ ಫೋಟೋ. ಮುಂದಿನ ಸಾಲಿನಲ್ಲಿ ತಾಯಿ, ಮಡಿಲಿನಲ್ಲಿ ಸೀರೆಯ ನೆರಿಗೆಗಳು. ಆ ನೆರಿಗೆಗಳನ್ನು ಒಂದೊಂದಾಗಿ ಬಿಡಿಸಿದ್ದು ಅವನಿಗೆ ಈಗಲೂ ನೆನಪಿತ್ತು. ಎಷ್ಟು ದೊಡ್ಡ ಬೂಷ್ಟು ಮಾರಾಯ ಎಂದು ಬೈದುಕೊಳ್ಳುತ್ತಲೇ ಬಿಡಿಸಿದ್ದ. ಆ ನೆರಿಗೆಗಳ ಮೇಲೆ ತಾಯಿಯ ಎರಡು ಕೈಗಳು ಏನನ್ನೋ ಗಟ್ಟಿಯಾಗಿ ಹಿಡಿದ ಹಾಗಿದ್ದವು. ಇಷ್ಟು ವರ್ಷ ಅದರ ಕೆಳಗೇ ಕೂತು ಗಂಜಿ ಉಂಡಿದ್ದಾನೆ, ಆ ಕೈಗಳು ಹಿಡಿದದ್ದು ಎಂತ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

“ಆಗಲೇ ಯಾಕೆ ಹೇಳಲಿಲ್ಲ ಅಮ್ಮ?”

“ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಿನ್ನ ಮುಖ ಅಷ್ಟು ಚಂದ ಆಗಿತ್ತು. ಹೇಗೆ ಹೇಳುವುದು?”

ಅವನಿಂದ ಅಲ್ಲಿ ಕೂರಲಾಗಲಿಲ್ಲ. ಏನೂ ಹೇಳದೆ ಎದ್ದು ಸ್ಟುಡಿಯೋಗೆ ಹೋದ. ಮೇಲಿನ ಪದರದ ಕೆಳಗೆ ಮೂಲ ಇರಲೇಬೇಕು, ತಾನು ಯಾವತ್ತೂ ಮೂಲ ಮುಟ್ಟುವವನಲ್ಲ ಎಂಬುದೊಂದೇ ಧೈರ್ಯ. ಆದರೆ ಆ ಕಾಲದ ಕಂಪ್ಯೂಟರ್ ಒಂದು ಸಿಡಿಲಿಗೆ ಸುಟ್ಟುಹೋಗಿತ್ತು. ಉಳಿದದ್ದು ಕಪಾಟಿನ ಮೇಲೆ ತನ್ನ ಪ್ರತಿಯೆಂದು ಇಟ್ಟುಕೊಂಡಿದ್ದ ಸಿ.ಡಿ.ಗಳು. ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರೆ ಅವುಗಳ ಮೇಲೂ ಜೇಡರ ಬಲೆಯ ಹಾಗೆ ಬೂಷ್ಟು ಓಡಿತ್ತು. ಜೀವಮಾನವಿಡೀ ಯಾವುದನ್ನು ಒರೆಸುತ್ತಾ ಬಂದಿದ್ದನೋ ಅದೇ ಅವನ ಕಪಾಟಿಗೆ ಬಂದು ಕೂತಿತ್ತು. ತಮ್ಮ ಮನೆಯ ಗೃಹಪ್ರವೇಶದ ಸಿ.ಡಿ.ಯನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸಿ ಹಾಕಿದ. ಯಂತ್ರ ಗುರುಗುಟ್ಟಿ ಹೊರಗೆ ತಳ್ಳಿತು. ಮತ್ತೆ ಹಾಕಿದ, ಮತ್ತೆ ತಳ್ಳಿತು. ಮರುದಿನ ಉಡುಪಿಯಲ್ಲಿ ಇಂಥವನ್ನು ಸರಿಮಾಡುವವನ ಬಳಿ ಒಯ್ದರೆ, ಮೇಲಿನ ಬೆಳ್ಳಿಯ ಲೇಪವೇ ಎದ್ದು ಬಂದಿದೆ ಅಣ್ಣ, ಏನೂ ಮಾಡಲಿಕ್ಕೆ ಬರುವುದಿಲ್ಲ ಎಂದ.

ಆ ದಿನಗಳಲ್ಲಿ ಭುಜಂಗ ಸರಿಯಾಗಿ ಊಟ ಮಾಡಲಿಲ್ಲ. ಸರಸ ಕೇಳಿದರೆ ಹೊಟ್ಟೆ ಸರಿ ಇಲ್ಲ ಎಂದ. ಮದುವೆಯ ದಿನ ಹತ್ತಿರ ಬರುತ್ತಿತ್ತು, ಕಾರ್ಕಳದಿಂದ ಕುಶಲಾ ಫೋನ್ ಮಾಡಿ ಹುಡುಗಿಯ ಫೋಟೋ ಆಯಿತಾ ಎಂದು ಕೇಳುತ್ತಿದ್ದರು. ಎಐ ಮಾಡಿದ್ದನ್ನು ಕಳುಹಿಸಿದರೆ ಅವರಿಗೆ ಗೊತ್ತಾಗುವುದಿಲ್ಲ. ಆದರೆ ತಾಯಿ ಅಲ್ಲೇ ಕೂತಿರುತ್ತಾರೆ. ಯಾರದ್ದೋ ಮಗುವಿಗೆ ಎಲ್ಲರೂ ಮಲ್ಲಿಗೆ ಮುಡಿಸುವುದನ್ನು ಅವರು ಮೊದಲಿನ ಹಾಗೆಯೇ ಸುಮ್ಮನೆ ನೋಡುತ್ತಾರೆ.

ಕೊನೆಗೆ ಒಂದು ಸಂಜೆ ತಾಯಿಯ ಮಂಚದ ಬುಡದಲ್ಲಿ ನೆಲದ ಮೇಲೆ ಕೂತ. “ಅಮ್ಮ, ಎಲ್ಲ ಕಡೆ ಹುಡುಕಿದೆ. ಒರೆಸುವ ಮೊದಲಿನ ಫೋಟೋ ನನ್ನ ಹತ್ತಿರ ಇಲ್ಲ. ಹಾಳಾಗಿ ಹೋಗಿದೆ. ತಪ್ಪಾಯಿತು.”

“ನಿನ್ನ ಹತ್ತಿರ ಯಾಕೆ ಇರುತ್ತದೆ?” ಎಂದರು ಸುಂದರಿಯಮ್ಮ. “ನನ್ನ ಹತ್ತಿರ ಉಂಟಲ್ಲ.”

ಅವರು ಮೆಲ್ಲ ಎದ್ದು ಮರದ ಪೆಟ್ಟಿಗೆ ತೆರೆದರು. ಧಾರೆಯ ಸೀರೆಯ ಮಡಿಕೆಯೊಳಗೆ ಕರವಸ್ತ್ರ, ಕರವಸ್ತ್ರದೊಳಗೆ ಸಿ.ಡಿ. ಸುತ್ತ ಕರಿಮೆಣಸು, ನುಸಿಗುಳಿಗೆಯ ವಾಸನೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಒಂದು ಚುಕ್ಕೆಯೂ ಇರಲಿಲ್ಲ. ಅದರ ಮೇಲೆ ಭುಜಂಗನದ್ದೇ ಅಕ್ಷರ.

“ಇದು ಇಲ್ಲಿ ಹೇಗೆ?”

“ನೀನೇ ಕೊಟ್ಟದ್ದು ಮಾರಾಯ. ಎಲ್ಲ ಮನೆಯ ಹಿರಿಯರಿಗೆ ಕೊಡುವ ಹಾಗೆ ನನಗೂ ಕೊಟ್ಟಿದ್ದಿ. ಎಲ್ಲ ಉಂಟು ಅಮ್ಮ, ಅಳಿಸಿದ್ದೂ ಇದರಲ್ಲಿ ಉಂಟು ಅಂತ ಹೇಳಿದ್ದಿ. ಹಾಗಾದರೆ ಅವಳು ಇದರೊಳಗೆ ಇದ್ದಾಳೆ, ಎಲ್ಲಿಗೂ ಹೋಗಲಿಲ್ಲ ಅಂತ ನನಗೆ ಸಮಾಧಾನ ಆಯಿತು. ಹಾಗಾಗಿ ಜೋಪಾನ ಮಾಡಿದ್ದು. ವರ್ಷಕ್ಕೊಮ್ಮೆ ಬಿಸಿಲಿಗೆ ಸೀರೆ ಹಾಕುವಾಗ ಇದನ್ನೂ ತೆಗೆದು ಒರೆಸಿ ಇಡುತ್ತೇನೆ.”

“ಮತ್ತೆ ಇಷ್ಟು ದಿನ ನಾನು ಹುಡುಕುತ್ತಾ ಇದ್ದದ್ದನ್ನು ನೋಡಿಯೂ…”

“ಎಂತ ಹುಡುಕುವುದು ಅಂತ ನೀನು ಹೇಳಿದ್ದಿಯಾ? ಹೊಟ್ಟೆ ಸರಿ ಇಲ್ಲ ಅಂತ ಅಲ್ವಾ ಹೇಳಿದ್ದು.”

ಮಾತು ಕಡಿಮೆ ಇರುವುದು ಆ ಮನೆಯಲ್ಲಿ ತಾಯಿಗೆ ಮಾತ್ರ ಅಲ್ಲ ಎಂದು ಭುಜಂಗನಿಗೆ ಆವತ್ತು ತಿಳಿಯಿತು. ಎಲ್ಲರಿಗೂ ಹೇಳುತ್ತಿದ್ದ ಮಾತನ್ನೇ ರೂಢಿಗೆ ತಾಯಿಗೂ ಹೇಳಿ ಮರೆತುಬಿಟ್ಟಿದ್ದ. ಅದನ್ನು ನಂಬಿ ಉಳಿಸಿಕೊಂಡವರು ಇಡೀ ಊರಿನಲ್ಲಿ ಅವರೊಬ್ಬರೇ ಇರಬೇಕು.

ಮರುದಿನ ಬೆಳಿಗ್ಗೆ ಸುಂದರಿಯಮ್ಮ ತಾನೂ ಸ್ಟುಡಿಯೋಗೆ ಬರುತ್ತೇನೆ ಎಂದು ಹಠ ಹಿಡಿದರು. ಮಾಳಿಗೆಯ ಮೆಟ್ಟಿಲನ್ನು ಗೋಡೆ ಹಿಡಿದು, ನಡುವೆ ನಿಂತು ಉಸಿರು ತೆಗೆದುಕೊಂಡು, ಹತ್ತಿದರು. ಭುಜಂಗ ಸಿ.ಡಿ. ಹಾಕಿದ. ಯಂತ್ರ ಗುರುಗುಟ್ಟಿತು, ಆದರೆ ಈ ಸಲ ಹೊರಗೆ ತಳ್ಳಲಿಲ್ಲ, ಫೈಲುಗಳ ಹೆಸರುಗಳು ಒಂದೊಂದಾಗಿ ಬಂದವು. ಚಪ್ಪರದ ಫೋಟೋ ತೆರೆದ. ಹೊಸದರಂತೆ ಹೊಳೆಯುವ ಕುಟುಂಬ, ನೆರಿಗೆ ನೆರಿಗೆಯ ಖಾಲಿ ಮಡಿಲು. ಬದಿಯಲ್ಲಿದ್ದ ಕಣ್ಣಿನ ಗುರುತನ್ನು ಒತ್ತಿದ.

ನೆರಿಗೆಗಳು ಮಾಯವಾದವು. ಎಲ್ಲರ ಮುಖಕ್ಕೆ ಕಲೆಗಳು ವಾಪಸು ಬಂದವು, ಮಡಿಲಿನಲ್ಲಿ ಒಂದು ಬಿಳಿ ಮಸುಕು ಎದ್ದಿತು. ಗೊತ್ತಿದ್ದು ನೋಡಿದರೆ ಅದು ಉಳಿದ ಕಲೆಗಳ ಹಾಗಿರಲಿಲ್ಲ. ಕೆಳಗೆ ಎರಡು ಪುಟ್ಟ ಕಾಲುಗಳು ಸರಿಯಾಗಿಯೇ ಬಿದ್ದಿದ್ದವು, ಒಂದರಲ್ಲಿ ಗೆಜ್ಜೆ ಇತ್ತು. ಮೇಲೆ ತಲೆ ಇರಬೇಕಾದಲ್ಲಿ ಎಡಕ್ಕೊಂದು ಬಲಕ್ಕೊಂದು ಎಳೆದುಕೊಂಡು ಹೋದ ಬೆಳಕು. ಒರೆಸುವ ಭರದಲ್ಲಿ ಆ ಕಾಲುಗಳನ್ನೂ ಅವನು ನೋಡದೆ ನೆರಿಗೆಯಲ್ಲಿ ಮುಚ್ಚಿದ್ದ. ಸುಂದರಿಯಮ್ಮ ಹತ್ತಿರ ಬಾಗಿ, “ಹಾಂ, ಇದು,” ಎಂದರು. ಭುಜಂಗ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ, ಆದರೆ ಒದ್ದೆಯಾದದ್ದು ಕನ್ನಡಕ ಅಲ್ಲ.

ವಿಷಯ ಕೇಳಿ ಭವ್ಯಶ್ರೀ ಮಣಿಪಾಲದಿಂದ ಓಡಿ ಬಂದಳು. ತುಂಬ ಹೊತ್ತು ನೋಡಿ, “ಸ್ವಲ್ಪ ಶಾರ್ಪ್ ಮಾಡಿದರೆ ಮುಖ ಬಿಡಿಸಬಹುದೇನೋ ಅಪ್ಪ,” ಎಂದಳು.

“ಬೇಡ ಮಗಾ. ಅವಳು ಹೇಗೆ ಕೂತಿದ್ದಾಳೋ ಹಾಗೆಯೇ ಇರಲಿ.”

ಆ ಸ್ಲೈಡ್‌ಶೋದಷ್ಟು ಸಣ್ಣದನ್ನು ಭುಜಂಗ ಯಾವತ್ತೂ ಮಾಡಿರಲಿಲ್ಲ. ಮೊದಲು ಬೂಟಿನ ಹುಡುಗ, ಆಮೇಲೆ ಚಪ್ಪರದ ಫೋಟೋ. ಇಡೀ ಕುಟುಂಬದಿಂದ ಹೊರಟು ಮೆಲ್ಲ ಮೆಲ್ಲಗೆ ಹತ್ತಿರ ಹೋಗಿ, ಮಡಿಲಿನ ಮಸುಕಿನ ಬಳಿ ನಿಂತು, ಅಲ್ಲೇ ನಿಲ್ಲುತ್ತದೆ. ಉಳಿದವರ ಮುಖದ ಬೂಷ್ಟು ಒರೆಸಿದ, ಅವಳನ್ನು ಮುಟ್ಟಲಿಲ್ಲ. ಸುಂದರಿಯಮ್ಮನಿಗೆ ತೋರಿಸಿದ. ಅವರು ಹೂಂ ಎಂದ ಮೇಲೆ ಎಕ್ಸ್‌ಪೋರ್ಟ್ ಒತ್ತಿದ.

ಬದುಕಿದ್ದವರ ಮದುವೆ ನಡೆಯದ ಆಟಿ ತಿಂಗಳಲ್ಲಿ ಈ ಮದುವೆ. ಮದುವೆಯಾಗದವರು ನೋಡಬಾರದೆಂಬ ನಿಯಮಕ್ಕೆ ಭವ್ಯಶ್ರೀ ಮನೆಯಲ್ಲೇ ಉಳಿದಳು. ಕಾರ್ಕಳದ ಮನೆಯ ಚಾವಡಿಯಲ್ಲಿ ಎರಡು ಮರದ ಕುರ್ಚಿ ಇಟ್ಟಿದ್ದರು, ಒಂದರಲ್ಲಿ ಪಂಚೆ ಶಲ್ಯ, ಇನ್ನೊಂದರಲ್ಲಿ ಪಟ್ಟೆ ಸೀರೆ, ಬಳೆ. ಧಾರೆಗೆ ಮೊದಲು ಕುಶಲಾ ಟಿ.ವಿ.ಗೆ ಪೆನ್ ಡ್ರೈವ್ ಹಾಕಿಸಿದರು. ಬೂಟಿನ ಹುಡುಗ ಬಂದಾಗ ಅವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಚಪ್ಪರದ ಫೋಟೋ ಬಂತು, ಹತ್ತಿರ ಹತ್ತಿರ ಹೋಯಿತು, ನಿಂತಿತು. ನೆಂಟರು ಒಬ್ಬರ ಮುಖ ಒಬ್ಬರು ನೋಡಿದರು.

“ಹುಡುಗಿ ಎಲ್ಲಿ ಅಮ್ಮ?” ಎಂದು ಕುಶಲಾ ಮೆಲ್ಲಗೆ ಕೇಳಿದರು. ಅವರ ಕೈಯಲ್ಲಿ ಮದುಮಗಳಿಗೆಂದು ತಂದ, ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟೆ ಇತ್ತು.

ಸುಂದರಿಯಮ್ಮ ಎದ್ದು ಟಿ.ವಿ.ಯ ಹತ್ತಿರ ಹೋಗಿ ಬೆರಳು ಇಟ್ಟರು. “ಇದು ವಾರಿಜ. ಕಾಲು ಕಾಣುತ್ತದೆ ಅಲ್ವಾ? ತಲೆ ಈ ಕಡೆಯೂ ಉಂಟು, ಆ ಕಡೆಯೂ ಉಂಟು. ಒಂದು ಗಳಿಗೆ ಕೂರುವವಳಲ್ಲ.”

ಕುಶಲಾ ಬಗ್ಗಿ ನೋಡಿದರು. ಗೆಜ್ಜೆ ನೋಡಿದರು. “ನಮ್ಮವನೂ ಹಾಗೆಯೇ ಅಮ್ಮ. ಈ ಫೋಟೋಗೆ ನಿಲ್ಲಿಸಲಿಕ್ಕೆ ಅಪ್ಪ ಎರಡು ಪೆಟ್ಟು ಕೊಟ್ಟಿದ್ದರಂತೆ. ಹಾಗಾಗಿ ಅಳುಮುಖ,” ಎಂದರು. ಚಾವಡಿಯಲ್ಲಿ ಎಲ್ಲರೂ ನಕ್ಕರು. ಸುಂದರಿಯಮ್ಮನೂ ನಕ್ಕರು. ತಾಯಿ ಹಾಗೆ ಬಾಯಿ ತುಂಬ ನಕ್ಕದ್ದನ್ನು ಭುಜಂಗ ಯಾವ ಫೋಟೋದಲ್ಲೂ ನೋಡಿರಲಿಲ್ಲ.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅವನು ಸ್ಲೈಡ್‌ಶೋವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಕಳುಹಿಸಿದ. ಮೊದಲ ಉತ್ತರ ದುಬೈಯಿಂದ, ಸೋದರಮಾವನ ಮಗ ಸುಕೇಶನದ್ದು. ಚಪ್ಪರದ ಫೋಟೋದಲ್ಲಿ ಮದುಮಗನಾಗಿ ನಿಂತವರು ಅವನ ಅಪ್ಪನೇ.

“ಅಪ್ಪನ ಮದುವೆಯ ಫೋಟೋ ನೋಡಿ ಖುಷಿಯಾಯಿತು ಭುಜಂಗಣ್ಣ. ಆದರೆ ವಾರಿಜಕ್ಕನ ಫೋಟೋ ಹಾಕಲಿಕ್ಕೆ ಮರೆತಿದ್ದೀರಿ. ಮತ್ತೆ ಅತ್ತೆಯ ಮಡಿಲಿನಲ್ಲಿ ದೊಡ್ಡ ಬೂಷ್ಟು ಹಾಗೆಯೇ ಉಂಟು. ಮೊದಲು ಕ್ಲೀನ್ ಮಾಡಿದ್ದಿರಲ್ಲ, ಈಗ ಯಾಕೆ ಬಿಟ್ಟದ್ದು?”

ಪಕ್ಕದ ಎಲೆಯಲ್ಲಿ ಕೂತ ತಾಯಿಗೆ ಬಡಿಸುವವರು ಪಾಯಸ ಹಾಕುತ್ತಿದ್ದರು. ಭುಜಂಗ ಕೈ ಒರೆಸಿಕೊಂಡು, ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಒತ್ತಿ ಬರೆದ.

“ಅದು ಬೂಷ್ಟು ಅಲ್ಲ ಮಾರಾಯ. ನನ್ನ ಅಕ್ಕ.”